ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸರ್ಕಾರಿ ಕಂಪ್ಯೂಟರ್ ಖರೀದಿಸುವ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶಾಲೆ, ಕಾಲೇಜು, ಗ್ರಂಥಾಲಯ, ಕಚೇರಿಗಳಿಗೆ ಬೇಕಾದ ಕಂಪ್ಯೂಟರುಗಳ ಟೆಂಡರ್ ಬರೆಯುವವರು, ಪರಿಶೀಲಿಸುವವರು, ಕೊನೆಗೆ ಸಹಿ ಹಾಕುವವರು ತಾವು. ನಾನು ಬೆಂಗಳೂರಿನಲ್ಲಿ ಲಿನಕ್ಸ್ ಕರ್ನಲ್ ಮೇಲೆ ಕೆಲಸ ಮಾಡುವ ಪ್ರೋಗ್ರಾಮರ್. ಲಿನಕ್ಸ್ ಎಂದರೆ ವಿಂಡೋಸಿನಂಥದೇ, ಆದರೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್. ಯಂತ್ರದ ಭಾಗಗಳ ಜೊತೆ ನೇರವಾಗಿ ಮಾತಾಡುವ ಅದರ ತಿರುಳೇ ಕರ್ನಲ್. ಬಿಡುವಿದ್ದ ಶನಿವಾರಗಳಲ್ಲಿ ಗೆಳೆಯರ ಜೊತೆ ಹೋಗಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳನ್ನು ಸರಿಮಾಡಿಕೊಡುತ್ತೇನೆ. ನಾನು ನೋಡಿದ ಟೆಂಡರ್ ಪತ್ರಗಳಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಪರದೆ ಎಷ್ಟು ಇಂಚು, ವಾರಂಟಿ ಎಷ್ಟು ವರ್ಷ ಎಂಬುದೆಲ್ಲ ಇರುತ್ತದೆ. ಯಂತ್ರದೊಳಗೆ ತಯಾರಕರೇ ತುಂಬಿಡುವ ಫರ್ಮ್‌ವೇರ್ ಎಂಬ ತಂತ್ರಾಂಶದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆ ಸಾಲು ಇಲ್ಲದ್ದರಿಂದ ಏನಾಗುತ್ತಿದೆ ಎಂದು ತಮ್ಮ ಗಮನಕ್ಕೆ ತರಲು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಲ್ಯಾಬಿನಲ್ಲಿ 18 ಲ್ಯಾಪ್‌ಟಾಪ್, ಎಲ್ಲವೂ ಒಂದೇ ಮಾದರಿ, ಎಲ್ಲದರಲ್ಲೂ ಲಿನಕ್ಸ್. ಲ್ಯಾಬ್ ನೋಡಿಕೊಳ್ಳುವವರು ಗಣಿತದ ಮೇಷ್ಟ್ರು. ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬಿದ್ದದ್ದು ಗೋಡೆಗೆ ಅಂಟಿಸಿದ ಅವರ ಕೈಬರಹದ ಚೀಟಿ: “ಯಾರೂ ಲ್ಯಾಪ್‌ಟಾಪ್ ಮುಚ್ಚಬಾರದು.” ಯಾಕೆಂದು ಕೇಳಿದೆ. ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಸತ್ತುಹೋಗುತ್ತದೆ, ಬಾಣದ ಗುರುತು ಅಲ್ಲಾಡುವುದಿಲ್ಲ, ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಬೇಕು, ಅಷ್ಟರಲ್ಲಿ ಮಕ್ಕಳು ಬರೆದದ್ದೆಲ್ಲ ಹೋಗಿರುತ್ತದೆ ಎಂದರು. ಅವರು ಹೇಳುತ್ತಿದ್ದಾಗಲೇ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಎದ್ದುನಿಂತಳು. ಅವಳ ಯಂತ್ರವೂ ಹಾಗೇ ನಿಂತಿತ್ತು. “ನಾನೇನೂ ಮಾಡ್ಲಿಲ್ಲ ಸರ್, ಪಕ್ಕದವರಿಗೆ ಜಾಗ ಬಿಡೋಕೆ ಮುಚ್ಚಿ ತೆಗೆದೆ ಅಷ್ಟೆ” ಎಂದಳು. ಅವಳ ಮುಖದಲ್ಲಿದ್ದ ಹೆದರಿಕೆ ನನಗೆ ಇನ್ನೂ ಮರೆತಿಲ್ಲ. ಸರ್ಕಾರದ ಸಾಮಾನು ತನ್ನ ಕೈಯಲ್ಲಿ ಕೆಟ್ಟಿತು ಎಂದೇ ಅವಳು ತಿಳಿದಿದ್ದಳು.

ಅವಳ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಕಾರ್ಖಾನೆಯಲ್ಲೇ ಕೆಟ್ಟು ಬಂದಿತ್ತು.

ಗುಂಡಿ ಒತ್ತಿದಾಗ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲೆ ಕಿರುಬೆರಳ ಉಗುರಿನಷ್ಟು ದೊಡ್ಡ ಚಿಪ್ಪೊಂದಿರುತ್ತದೆ. ಅದರೊಳಗೆ ತಯಾರಕರು ತುಂಬಿಟ್ಟ ತಂತ್ರಾಂಶವೇ ಫರ್ಮ್‌ವೇರ್. ಹಳಬರು ಬಯೋಸ್ ಎನ್ನುತ್ತಾರೆ, ಈಗಿನದು ಯುಇಎಫ್ಐ. ಅದು ಎದ್ದು, ಯಂತ್ರದಲ್ಲಿ ಏನೇನಿದೆ ಎಂದು ಎಣಿಸಿ, ಪಟ್ಟಿ ಮಾಡಿ, ಆ ಪಟ್ಟಿಯನ್ನು ಕರ್ನಲ್ ಕೈಗೆ ಕೊಡುತ್ತದೆ. ಮೆಮೊರಿಯಲ್ಲಿ ಯಾವ ಭಾಗ ಖಾಲಿ, ಬ್ಯಾಟರಿ ಎಲ್ಲಿದೆ, ಫ್ಯಾನ್ ಯಾವಾಗ ತಿರುಗಬೇಕು, ಮುಚ್ಚಳ ಮುಚ್ಚಿದಾಗ ಹೋದ ನಿದ್ದೆಯಿಂದ ಏಳುವುದು ಹೇಗೆ ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ತಮಗೆ ಪಹಣಿ ಗೊತ್ತು. ಕರ್ನಲ್ಲಿಗೆ ಫರ್ಮ್‌ವೇರ್ ಕೊಡುವ ಪಟ್ಟಿ ಪಹಣಿ ಇದ್ದಂತೆ. ಅದನ್ನು ನಂಬದೆ ಕರ್ನಲ್ ಒಂದು ಹೆಜ್ಜೆಯನ್ನೂ ಇಡಲಾರದು.

ಪಹಣಿಯೇ ತಪ್ಪಿದ್ದರೆ?

ಒಂದು ನಿಜ ಸಂಗತಿ ಹೇಳುತ್ತೇನೆ. ಮೆಮೊರಿಯ ಮೊದಲ 64 ಕಿಲೋಬೈಟ್‌ನ ಬಹುಭಾಗ ಖಾಲಿಯಿದೆ, ಬಳಸಿಕೋ ಎಂದು ಹಲವು ಬಯೋಸ್‌ಗಳು ಕರ್ನಲ್ಲಿಗೆ ಬರೆದುಕೊಡುತ್ತಿದ್ದವು. ಕರ್ನಲ್ ಅಲ್ಲಿ ತನ್ನ ಸಾಮಾನು ಇಡುತ್ತಿತ್ತು. ಆಮೇಲೆ ಯಂತ್ರ ನಿದ್ದೆಗೆ ಹೋಗಿ ಎದ್ದಾಗಲೋ, ಯಾರೋ ಮಾನಿಟರ್ ಕೇಬಲ್ ಚುಚ್ಚಿದಾಗಲೋ ಬಯೋಸ್ ಸದ್ದಿಲ್ಲದೆ ಬಂದು ಅದೇ ಜಾಗದಲ್ಲಿ ತನ್ನದನ್ನು ಬರೆದು ಹೋಗುತ್ತಿತ್ತು. ಖಾಲಿ ಜಮೀನು ಎಂದು ಪಹಣಿಯಲ್ಲಿ ಬರೆದುಕೊಟ್ಟು, ಬೆಳೆ ಎದ್ದ ಮೇಲೆ ರಾತ್ರೋರಾತ್ರಿ ತಾನೇ ಬಂದು ಉತ್ತುಹೋದ ಹಾಗೆ. ಯಂತ್ರ ಯಾವಾಗಲೋ ಎಲ್ಲೋ ಕುಸಿಯುತ್ತಿತ್ತು, ಕಾರಣ ಯಾರಿಗೂ ಸಿಗುತ್ತಿರಲಿಲ್ಲ. 2008ರಲ್ಲಿ ಕರ್ನಲ್ಲಿನವರು ಆ ಜಾಗದ ಮೇಲೆ ಕಾವಲು ಕೂರಿಸುವ ಕೋಡ್ ಬರೆದರು. ಆಮೇಲೆ ಮೊದಲ 64 ಕಿಲೋಬೈಟ್ ಮುಟ್ಟುವುದೇ ಬೇಡ ಎಂದು ಬಿಟ್ಟರು. 2021ರಲ್ಲಿ ಮೊದಲ 1 ಮೆಗಾಬೈಟ್ ಪೂರ್ತಿಯಾಗಿ ಬಿಟ್ಟುಕೊಟ್ಟರು. ಇವತ್ತು ತಾವು ಕೊಳ್ಳುವ ಯಾವುದೇ ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಹೊಸ ಲಿನಕ್ಸ್ ಹಾಕಿದರೂ ಆ 1 ಮೆಗಾಬೈಟ್ ಬಹುಪಾಲು ಹಾಗೇ ಬೀಳುಬಿದ್ದಿರುತ್ತದೆ. ಜಾಗ ದೊಡ್ಡದಲ್ಲ. ಆದರೆ ಕೆಲವರು ಮಾಡಿದ ತಪ್ಪಿಗೆ ಎಲ್ಲರ ಯಂತ್ರದಲ್ಲೂ ಬೇಲಿ ಹಾಕಬೇಕಾಯಿತು ಎನ್ನುವುದು ದೊಡ್ಡದು.

ಇಂಥ ಬೇಲಿಗಳಿಗೆ ಕರ್ನಲ್ ಮಂದಿ ಕ್ವಿರ್ಕ್ ಎನ್ನುತ್ತಾರೆ. ನಾನು ತೇಪೆ ಎನ್ನುತ್ತೇನೆ, ಏಕೆಂದರೆ ಬಟ್ಟೆ ಹರಿದಿರುವುದು ಬೇರೆ ಕಡೆ. ಕರ್ನಲ್ಲಿನಲ್ಲಿ ಪಿಸಿಐ ಸಾಧನಗಳ (ಬೋರ್ಡಿಗೆ ಜೋಡಿಸಿದ ವೈಫೈ, ಗ್ರಾಫಿಕ್ಸ್‌ನಂಥ ಭಾಗಗಳ) ತೇಪೆಗಳಿಗೆಂದೇ ಒಂದು ಫೈಲ್ ಇದೆ. ಅದು 6000 ಸಾಲು ಮೀರಿ ಬೆಳೆದಿದೆ. ಅದರಲ್ಲಿ ಚಿಪ್ಪುಗಳದೇ ತಪ್ಪುಗಳೂ ಇವೆ, ಫರ್ಮ್‌ವೇರ್ ತಪ್ಪುಗಳೂ ಇವೆ. ಸರಿಯಾಗಿ ರೀಬೂಟ್ ಆಗದ ಯಂತ್ರಗಳ ಹೆಸರುಗಳಿಗೆ ಇನ್ನೊಂದು ಪಟ್ಟಿ. ಪರದೆಯ ಬೆಳಕು ಏರಿಳಿಸಲು ಬರುವ ಎರಡು ಮೂರು ದಾರಿಗಳಲ್ಲಿ ಯಾವ ಮಾದರಿಗೆ ಯಾವ ದಾರಿ ಎಂದು ಮತ್ತೊಂದು ಪಟ್ಟಿ. ಅಗ್ಗದ ಟ್ಯಾಬ್ಲೆಟ್‌ಗಳ ಟಚ್‌ಸ್ಕ್ರೀನ್ ಎಷ್ಟು ಅಗಲ, ಎಷ್ಟು ಉದ್ದ, ಎಡಬಲ ಅದಲುಬದಲಾಗಿದೆಯೇ ಎಂಬ ವಿವರಕ್ಕೂ ಒಂದು ಫೈಲ್ ಇದೆ. ಇದನ್ನು ಫರ್ಮ್‌ವೇರೇ ಹೇಳಬೇಕಿತ್ತು. ಹೇಳುವುದಿಲ್ಲ. ವಿಂಡೋಸ್‌ಗಾಗಿ ಆ ಮಾದರಿಗೇ ಮಾಡಿಕೊಟ್ಟ ಡ್ರೈವರಿನೊಳಗೆ (ಸಾಧನವನ್ನು ನಡೆಸುವ ತಂತ್ರಾಂಶದೊಳಗೆ) ಅಳತೆ ಹೂತುಹೋಗಿರುತ್ತದೆ. ಎಲ್ಲಿಯೋ ಒಬ್ಬ ಬಳಕೆದಾರ ಪರದೆಯ ಮೂಲೆಮೂಲೆ ಮುಟ್ಟಿ ಅಂಕಿ ಬರೆದು ಕಳಿಸಿದರೆ ಆ ಮಾದರಿಗೆ ಲಿನಕ್ಸಿನಲ್ಲಿ ಟಚ್ ಬರುತ್ತದೆ.

ಹೆಸರಿನ ವಿಷಯ ಇನ್ನೂ ಬೇಸರದ್ದು. ಎಸಿಪಿಐ ಎಂಬ ಮಾನದಂಡವನ್ನು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ತಂದರು. ಫರ್ಮ್‌ವೇರಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವಿನ ಒಪ್ಪಂದ ಅದು. ಅದರ ಪ್ರಕಾರ, ನಿನ್ನಲ್ಲಿ ಇಂಥ ಸೌಲಭ್ಯ ಇದೆಯೇ ಎಂದು ಫರ್ಮ್‌ವೇರ್ ಕೇಳಬಹುದು. ಬರುಬರುತ್ತ ಅದು “ನೀನು ಯಾವ ವಿಂಡೋಸ್?” ಎಂಬ ಪ್ರಶ್ನೆಯಾಗಿ ಬದಲಾಯಿತು. ನಾನು ಲಿನಕ್ಸ್ ಎಂದು ಕರ್ನಲ್ ನಿಜ ಹೇಳಿದರೆ ಏನಾಗುತ್ತಿತ್ತು? ಯಾರೂ ಪರೀಕ್ಷೆ ಮಾಡದ, ಎಲ್ಲಿಂದಲೋ ನಕಲು ಮಾಡಿಟ್ಟ ದಾರಿಯಲ್ಲಿ ಫರ್ಮ್‌ವೇರ್ ಹೋಗಿ ಯಂತ್ರ ಮುಗ್ಗರಿಸುತ್ತಿತ್ತು. ಆದ್ದರಿಂದ 2007ರಲ್ಲಿ ಕರ್ನಲ್ ಆ ಪ್ರಶ್ನೆಗೆ ತನ್ನ ಹೆಸರು ಹೇಳುವುದನ್ನೇ ನಿಲ್ಲಿಸಿತು. ಈಗ ವಿಂಡೋಸ್ 7 ನೀನೇನಾ ಎಂದರೂ ಹೌದು, ವಿಂಡೋಸ್ 10 ನೀನೇನಾ ಎಂದರೂ ಹೌದು ಎನ್ನುತ್ತದೆ. ಆ ದಾರಿಗಳನ್ನಾದರೂ ಕಾರ್ಖಾನೆಯಲ್ಲಿ ಒಮ್ಮೆ ನಡೆದು ನೋಡಿರುತ್ತಾರೆ ಎಂಬ ನಂಬಿಕೆ ಅಷ್ಟೆ. ಬೇರೆ ಯಾರೂ ಪರೀಕ್ಷಿಸುವುದಿಲ್ಲವೆಂದು ತನ್ನ ಹೆಸರು ಮುಚ್ಚಿಟ್ಟುಕೊಂಡು ಬದುಕುವ ಸ್ಥಿತಿ ಅದು. ಆ ಪರೀಕ್ಷೆಯನ್ನು ಕಡ್ಡಾಯ ಮಾಡಬಲ್ಲವರು ಕೊಳ್ಳುವವರು ಮಾತ್ರ.

ಟಚ್‌ಪ್ಯಾಡ್ ಸತ್ತರೆ ಮೌಸ್ ಚುಚ್ಚಿಕೊಳ್ಳಬಹುದು ಎಂದು ತಮಗೆ ಅನ್ನಿಸಬಹುದು. ಯಂತ್ರವೇ ಸತ್ತ ಪ್ರಸಂಗವೂ ಇದೆ. 2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಬೂಟ್ ಮಾಡಿದವರ ಯಂತ್ರಗಳು ಮತ್ತೆ ಏಳಲೇ ಇಲ್ಲ. ಗುಂಡಿ ಒತ್ತಿದರೆ ಪರದೆ ಕಪ್ಪು, ಮದರ್‌ಬೋರ್ಡೇ ಬದಲಿಸಬೇಕು. ಮೊದಲು ಎಲ್ಲರ ಬೆರಳೂ ಲಿನಕ್ಸಿನ ಕಡೆ ತಿರುಗಿತು. ಆಮೇಲೆ ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್, ವಿಂಡೋಸಿನಿಂದಲೂ ಅದೇ ರೀತಿ ಯಂತ್ರವನ್ನು ಕೊಲ್ಲಬಹುದು ಎಂದು ಮಾಡಿ ತೋರಿಸಿದರು. ಫರ್ಮ್‌ವೇರ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಪುಟ್ಟ ಉಗ್ರಾಣ ಅತಿಯಾಗಿ ತುಂಬಿದರೆ ಆ ಫರ್ಮ್‌ವೇರಿಗೆ ಏಳಲು ಬರುತ್ತಿರಲಿಲ್ಲ, ಅಷ್ಟೇ ಕಾರಣ. ಪರಿಹಾರವಾಗಿ ಕರ್ನಲ್, ಆ ಉಗ್ರಾಣ ಅರ್ಧ ತುಂಬಿದ ಮೇಲೆ ಬರೆಯಲು ನಿರಾಕರಿಸತೊಡಗಿತು. ಇವತ್ತಿಗೂ ಶೇ. 50ರ ಆ ಮಿತಿ ಇದೆ. ಅದನ್ನು ತೆಗೆಯುವ ಒಂದು ಬೂಟ್ ಆಯ್ಕೆಯೂ ಇದೆ. ನಿಮ್ಮ ಫರ್ಮ್‌ವೇರ್ ನೆಟ್ಟಗಿದೆ ಎಂದು ಖಾತ್ರಿಯಿದ್ದರೆ ಮಾತ್ರ ಬಳಸಿ, ಇಲ್ಲದಿದ್ದರೆ ಬೋರ್ಡ್ ಸತ್ತು ಇಟ್ಟಿಗೆಯಾದೀತು ಎಂಬ ಎಚ್ಚರಿಕೆ ಅದರ ವಿವರಣೆಯಲ್ಲೇ ಇದೆ. 2016ರಲ್ಲಿ ಇದರದೇ ತಮ್ಮನಂಥ ಇನ್ನೊಂದು ಅವಾಂತರ ಆಯಿತು. ಡಿಸ್ಕ್ ಅಳಿಸಲು ಕೊಟ್ಟ ಆಜ್ಞೆ ಫರ್ಮ್‌ವೇರಿನ ಸೆಟ್ಟಿಂಗ್‌ಗಳನ್ನೂ ಅಳಿಸಿ ಲ್ಯಾಪ್‌ಟಾಪ್ ಸತ್ತಿತು. ಸೆಟ್ಟಿಂಗ್ ಅಳಿದರೂ ಮೂಲ ಸ್ಥಿತಿಗೆ ಬಂದು ಏಳುವುದು ಫರ್ಮ್‌ವೇರಿನ ಕರ್ತವ್ಯ. ಅದು ಮಾಡಲಿಲ್ಲವೆಂದು ಕರ್ನಲ್ ಆ ಸೆಟ್ಟಿಂಗ್‌ಗಳ ಫೈಲುಗಳಿಗೆ ಬೀಗ ಹಾಕಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಷ್ಟು ವರ್ಷದಿಂದ ಬರೆ ಹಾಕಿಸಿಕೊಳ್ಳುತ್ತಿರುವ ಎಮ್ಮೆ ಈ ಕರ್ನಲ್.

ತಪ್ಪು ತಿಳಿಯಬೇಡಿ, ತೇಪೆ ಹಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಾನೇ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ. ಯಂತ್ರ ಕೊಂಡವನ ಮುಂದೆ ನಿಂತು, ಇದು ನಮ್ಮ ತಪ್ಪಲ್ಲ, ತಯಾರಕರನ್ನು ಕೇಳಿಕೋ ಎನ್ನುವುದು ಸಲ್ಲದ ಮಾತು. ಅವನಿಗೆ ಬೇಕಾದದ್ದು ಕೆಲಸ ಮಾಡುವ ಕಂಪ್ಯೂಟರ್. ನಿನ್ನೆ ನಡೆಯುತ್ತಿದ್ದ ಯಂತ್ರ ಇವತ್ತು ಹೊಸ ಕರ್ನಲ್ ಹಾಕಿದ್ದರಿಂದ ನಿಲ್ಲಬಾರದು ಎನ್ನುವುದು ಕರ್ನಲ್ ಮಂದಿ ಗಟ್ಟಿಯಾಗಿ ಹಿಡಿದುಕೊಂಡಿರುವ ನಿಯಮ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಎಲ್ಲ ತಪ್ಪೂ ಫರ್ಮ್‌ವೇರಿನದೇ ಅಲ್ಲ ಎನ್ನುವುದೂ ನಿಜ. ಮಾನದಂಡದ ಪುಸ್ತಕ ದಪ್ಪವಿದೆ, ಒಂದೇ ವಾಕ್ಯವನ್ನು ಎರಡು ಕಡೆಯವರು ಎರಡು ರೀತಿ ಓದಿಕೊಂಡಿದ್ದುಂಟು, ನಾವೂ ತಪ್ಪಿ ಓದಿದ್ದುಂಟು.

ಆದರೆ ತೇಪೆಗೆ ಒಂದು ಮಿತಿಯಿದೆ, ಆ ಮಿತಿ ನನಗೆ ತುಮಕೂರಿನ ಲ್ಯಾಬಿನಲ್ಲಿ ಕೈಗೆ ತಗುಲಿತು.

ಮೇಷ್ಟ್ರು ಕೊಟ್ಟ ಯಂತ್ರ ತೆರೆದು ಬೂಟ್ ಲಾಗ್, ಅಂದರೆ ಏಳುವಾಗ ಕರ್ನಲ್ ಬರೆದಿಡುವ ದಿನಚರಿ, ನೋಡಿದೆ. ಮೊದಲ ಕೆಲವು ಸಾಲುಗಳಲ್ಲೇ ಚೌಕ ಆವರಣದಲ್ಲಿ “ಫರ್ಮ್‌ವೇರ್ ಬಗ್” ಎಂಬ ಗುರುತು. ಪ್ರೊಸೆಸರಿನ ಕಾಲ ಎಣಿಸುವ ಲೆಕ್ಕವನ್ನು ಫರ್ಮ್‌ವೇರ್ ಕೆದಕಿಟ್ಟಿತ್ತು, ಕರ್ನಲ್ ಅದನ್ನು ಬಲವಂತವಾಗಿ ಸೊನ್ನೆಗೆ ತಂದಿದ್ದಾಗಿ ಬರೆದಿತ್ತು. ಅದು ಬೇರೆಯೇ ರೋಗ, ತಾನಾಗಿ ವಾಸಿಯಾಗಿತ್ತು. ಟಚ್‌ಪ್ಯಾಡಿನ ಜಾಡು ಹಿಡಿದು ಹೋದಾಗ ಐ8042 ಎಂಬ ಡ್ರೈವರ್ ಸಿಕ್ಕಿತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಕೀಬೋರ್ಡ್ ನೋಡಿಕೊಳ್ಳಲು 8042 ಎಂಬ ಚಿಪ್ ಇತ್ತು. ಆ ಚಿಪ್ ಹೋಗಿ ಕಾಲವಾಯಿತು, ಆದರೆ ಇಂದಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಪುಟ್ಟ ಕಂಟ್ರೋಲರ್, ತನ್ನ ಫರ್ಮ್‌ವೇರಿನ ಬಲದಿಂದ, ತಾನೇ ಆ 8042 ಎಂದು ನಟಿಸುತ್ತದೆ. ನಿದ್ದೆಯಿಂದ ಎದ್ದ ಮೇಲೆ ಈ ಲ್ಯಾಪ್‌ಟಾಪಿನ ಕಂಟ್ರೋಲರಿಗೆ ಆ ವೇಷ ಮರೆತುಹೋಗುತ್ತಿತ್ತು. ಒಂದಕ್ಕಿಂತ ಹೆಚ್ಚು ಮೌಸ್, ಟಚ್‌ಪ್ಯಾಡ್‌ಗಳಿದ್ದರೆ ಅವನ್ನು ಬೇರೆಬೇರೆ ದಾರಿಯಲ್ಲಿ ಮಾತಾಡಿಸುವ ಕ್ರಮವನ್ನೇ ಕೈಬಿಡು ಎಂದು ಬೂಟ್ ಸಾಲಿನಲ್ಲಿ ಒಂದು ಪದ ಸೇರಿಸಿದೆ, ನೋಮಕ್ಸ್ ಎಂದು. ಮುಚ್ಚಿದೆ, ತೆರೆದೆ. ಬಾಣ ಅಲ್ಲಾಡಿತು. ಐದು ಸಲ ಮಾಡಿ ನೋಡಿದೆವು. ಆ ಹುಡುಗಿಯೂ ಒಮ್ಮೆ ಮುಚ್ಚಿ ತೆರೆದಳು.

18 ಯಂತ್ರಗಳಿಗೂ ಆ ಪದ ಸೇರಿಸಿ ಬಂದೆವು. ಆದರೆ ಅದು ಆ ಲ್ಯಾಬಿಗೆ ಮಾತ್ರ. ಯಾರಾದರೂ ಹೊಸದಾಗಿ ಲಿನಕ್ಸ್ ಹಾಕಿದರೆ ಪದ ಹೋಯಿತು. ಇದೇ ಕಂತಿನಲ್ಲಿ ಇದೇ ಲ್ಯಾಪ್‌ಟಾಪ್ ಪಡೆದ ಬೇರೆ ಶಾಲೆಗಳ ಗತಿ? ಸರಿಯಾದ ದಾರಿ ಎಂದರೆ ಕರ್ನಲ್ಲಿಗೇ ತೇಪೆ ಕಳಿಸುವುದು. ಐ8042 ಡ್ರೈವರಿನಲ್ಲಿ ಇಂಥ ತಕರಾರಿನ ನೂರಕ್ಕೂ ಹೆಚ್ಚು ಮಾದರಿಗಳ ಪಟ್ಟಿ ಈಗಾಗಲೇ ಇದೆ. ನಮ್ಮ ಮಾದರಿಯ ಹೆಸರನ್ನೂ ಅದಕ್ಕೆ ಸೇರಿಸಿದರೆ, ಮುಂದೆ ಯಾರು ಹೊಸ ಕರ್ನಲ್ ಹಾಕಿದರೂ ತಾನಾಗಿ ಸರಿಹೋಗುತ್ತದೆ. ಕರ್ನಲ್ ಯಂತ್ರವನ್ನು ಗುರುತಿಸುವುದು ಹೇಗೆ? ಡಿಎಂಐ ಎಂಬ ಕೋಷ್ಟಕದಲ್ಲಿ ಫರ್ಮ್‌ವೇರ್ ತನ್ನ ಕಂಪನಿ, ಮಾದರಿ, ಬೋರ್ಡಿನ ಹೆಸರನ್ನು ಬರೆದಿಟ್ಟಿರುತ್ತದೆ. ಅದನ್ನು ಓದುವ ಆಜ್ಞೆ ಕೊಟ್ಟೆ.

ತಯಾರಕರ ಹೆಸರಿನ ಎದುರು: “ಟು ಬಿ ಫಿಲ್ಡ್ ಬೈ ಓಇಎಂ.” ಮಾದರಿಯ ಎದುರೂ ಅದೇ. ಬೋರ್ಡಿನ ಹೆಸರು: “ಡೀಫಾಲ್ಟ್ ಸ್ಟ್ರಿಂಗ್.” ಕ್ರಮಸಂಖ್ಯೆಯ ಎದುರೂ ಡೀಫಾಲ್ಟ್ ಸ್ಟ್ರಿಂಗ್. 18 ಯಂತ್ರಗಳಲ್ಲೂ ಹೀಗೆಯೇ.

ತಯಾರಕರು ಇಲ್ಲಿ ತುಂಬತಕ್ಕದ್ದು ಎಂದು ಮೊದಲನೆಯದರ ಅರ್ಥ, ಎರಡನೆಯದು ಖಾಲಿ ಜಾಗದಲ್ಲಿ ಸುಮ್ಮನೆ ಇಟ್ಟ ಪದ. ಬಯೋಸ್ ಮಾರುವ ಕಂಪನಿ ಕೊಟ್ಟ ಮಾದರಿ ಅರ್ಜಿಯನ್ನು ತುಂಬದೆ ಹಾಗೇ ಮುಚ್ಚಳ ಬಿಗಿದು ಕಳಿಸಿದ್ದಾರೆ. ಮುಚ್ಚಳದ ಮೇಲೆ ಹೊಳೆಯುವ ಹೆಸರಿದೆ, ಒಳಗೆ ಯಂತ್ರಕ್ಕೆ ತನ್ನ ಹೆಸರೇ ಗೊತ್ತಿಲ್ಲ. ತಮ್ಮ ಕಚೇರಿಗೆ ಹೆಸರು, ವಿಳಾಸದ ಜಾಗದಲ್ಲಿ “ಅರ್ಜಿದಾರರು ತುಂಬತಕ್ಕದ್ದು” ಎಂದೇ ಮುದ್ರಿತವಾಗಿರುವ ಅರ್ಜಿ ಬಂದರೆ ತಾವು ಸ್ವೀಕರಿಸುತ್ತೀರಾ?

ಈ ಹೆಸರಿಟ್ಟುಕೊಂಡು ನಾನು ತೇಪೆ ಕಳಿಸುವಂತಿಲ್ಲ. ಕಳಿಸಿದರೆ ಜಗತ್ತಿನಲ್ಲಿ ಹೆಸರು ತುಂಬದೆ ಬಿಟ್ಟ ಯಂತ್ರಗಳಿಗೆಲ್ಲ ಅದು ಅಂಟಿಕೊಳ್ಳುತ್ತದೆ, ನೆಟ್ಟಗಿದ್ದವೂ ಕೆಡುತ್ತವೆ. ಹೀಗೆ ಸಿಕ್ಕಿಬಿದ್ದವರು ಇನ್ನೊಂದು ದಾರಿ ಹುಡುಕಿದ್ದಾರೆ. ನಾನು ಹೇಳಿದ ಟಚ್‌ಸ್ಕ್ರೀನ್ ಪಟ್ಟಿಯಲ್ಲಿ ಅಲ್ಲಲ್ಲಿ, ಮೇಲಿನ ಹೆಸರುಗಳು ತೀರಾ ಸಾಮಾನ್ಯವಾದ್ದರಿಂದ ಬಯೋಸ್ ದಿನಾಂಕವನ್ನೂ ಸೇರಿಸಿದೆ ಎಂಬರ್ಥದ ಟಿಪ್ಪಣಿ ಇದೆ. ಆ ದಿನಾಂಕದ ಬಯೋಸ್ ಇದ್ದರೆ ಮಾತ್ರ ತೇಪೆ ಅಂಟಲಿ ಎಂದು. ಕೆಲಸ ನಡೆಯುತ್ತದೆ, ಆದರೆ ತಯಾರಕರು ಬೇರೆ ಯಾವುದೋ ದೋಷ ತಿದ್ದಿ ಹೊಸ ಬಯೋಸ್ ಕೊಟ್ಟ ದಿನ ದಿನಾಂಕ ಬದಲಾಗಿ ತೇಪೆ ಕಳಚಿಬೀಳುತ್ತದೆ. ಒಳ್ಳೆಯದು ಮಾಡಲು ಹೋಗಿ ಟಚ್ ಹೋಯಿತು ಎಂದು ಬಳಕೆದಾರ ಹಳೆಯ ಬಯೋಸಿಗೇ ಮರಳುತ್ತಾನೆ.

ತಯಾರಕರ ಸಹಾಯವಾಣಿಗೆ ಬರೆದೆವು. ಎರಡು ವಾರದ ನಂತರ ಉತ್ತರ ಬಂತು: ಈ ಮಾದರಿ ವಿಂಡೋಸ್ ಜೊತೆ ಮಾತ್ರ ಪರೀಕ್ಷಿತ, ಹೊಸ ಬಯೋಸ್ ಲಭ್ಯವಿಲ್ಲ. ವಾರಂಟಿ ಇನ್ನೂ ಇತ್ತು. ಆದರೆ ವಾರಂಟಿ ಪತ್ರದಲ್ಲಿ ಇರುವುದು ಬ್ಯಾಟರಿ, ಪರದೆ, ಕೀಲಿಮಣೆ. ಫರ್ಮ್‌ವೇರ್ ಅದರಲ್ಲಿ ಬರುವುದಿಲ್ಲ ಎಂದರು. ಬರಬೇಕೆಂದು ಕೊಳ್ಳುವಾಗ ಯಾರೂ ಕೇಳಿರಲಿಲ್ಲ, ಅವರ ಮಾತು ಕಾಗದದ ಪ್ರಕಾರ ಸರಿಯೇ.

ಇಷ್ಟು ಹೊತ್ತು ಹೇಳಿದ್ದು ಕರ್ನಲ್ ಹೇಗೋ ಸಂಭಾಳಿಸಬಲ್ಲ ದೋಷಗಳು. ಕರ್ನಲ್ಲಿನ ಕೈ ಮುಟ್ಟದ ಜಾಗವೂ ಇದೆ. ಕಂಪ್ಯೂಟರ್ ಏಳುವಾಗ ನಂಬಿಕಸ್ತ ತಂತ್ರಾಂಶವನ್ನು ಮಾತ್ರ ಒಳಬಿಡುವ ವ್ಯವಸ್ಥೆಗೆ ಸೆಕ್ಯೂರ್ ಬೂಟ್ ಎನ್ನುತ್ತಾರೆ. ಅದರ ಬುಡದಲ್ಲಿ ಒಂದು ತಾಯಿ ಕೀಲಿ ಇರುತ್ತದೆ. ಪ್ರತಿ ತಯಾರಕರೂ ತಮ್ಮದೇ ಕೀಲಿ ಮಾಡಿ ಇಡಬೇಕು. ಬಯೋಸ್ ಮಾರುವ ಎಎಂಐ ಕಂಪನಿ ಪರೀಕ್ಷೆಗೆಂದು ಕೊಟ್ಟ ಕೀಲಿಯ ಮೇಲೆ “ಇದನ್ನು ನಂಬಬೇಡಿ” ಎಂದು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲೇ ಬರೆದಿತ್ತು. 2024ರ ಜುಲೈಯಲ್ಲಿ ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ನೂರಾರು ಮಾದರಿಗಳ ಮಾರಾಟದ ಯಂತ್ರಗಳಲ್ಲಿ ಅಂಥ ಪರೀಕ್ಷೆ ಕೀಲಿಗಳೇ ಕುಳಿತಿರುವುದನ್ನು ಬಯಲು ಮಾಡಿತು. ಅವುಗಳಲ್ಲೊಂದರ ಗುಟ್ಟಿನ ಭಾಗ ಅಷ್ಟು ಹೊತ್ತಿಗೆ ಅಂತರ್ಜಾಲದಲ್ಲಿ ಸೋರಿಹೋಗಿತ್ತು. ಪಿಕೆಫೇಲ್ ಎಂದು ಅದಕ್ಕೆ ಹೆಸರಾಯಿತು. ನನಗಂತೂ ಆ ಸುದ್ದಿ ಓದಿದಾಗ ಆಶ್ಚರ್ಯವಾಗಲಿಲ್ಲ. ಹೆಸರಿನ ಜಾಗ ತುಂಬದೆ ಕಳಿಸುವ ಕೈಯೇ ಕೀಲಿಯ ಜಾಗವನ್ನೂ ತುಂಬದೆ ಕಳಿಸುತ್ತದೆ. ಹೆಸರಿಲ್ಲದಿದ್ದರೆ ಟಚ್‌ಪ್ಯಾಡ್ ಹೋಗುತ್ತದೆ. ಕೀಲಿ ತಪ್ಪಿದರೆ, ಕರ್ನಲ್ ಏಳುವ ಮೊದಲೇ ಕಳ್ಳ ಒಳಗೆ ಕೂತಿರುತ್ತಾನೆ. ಅದಕ್ಕೆ ಕರ್ನಲ್ಲಿನಲ್ಲಿ ಎಷ್ಟು ಸಾವಿರ ಸಾಲು ಬರೆದರೂ ಪ್ರಯೋಜನವಿಲ್ಲ, ಹೊಸ ಫರ್ಮ್‌ವೇರೇ ಸರಿಯಾದ ದಾರಿ. ಅದನ್ನು ಕೊಡುವವರು ಯಾರು ಎಂದು ತಮ್ಮ ಟೆಂಡರಿನಲ್ಲಿ ಬರೆದಿಲ್ಲ.

ಬರೆಯಿರಿ ಎಂದು ಕೇಳುವುದಕ್ಕೇ ಈ ಪತ್ರ. ದುಬಾರಿಯಾದದ್ದೇನನ್ನೂ ನಾನು ಕೇಳುತ್ತಿಲ್ಲ.

ಡಿಎಂಐ ಕೋಷ್ಟಕದಲ್ಲಿ ತಯಾರಕರ, ಮಾದರಿಯ, ಬೋರ್ಡಿನ ನಿಜ ಹೆಸರಿರಬೇಕು ಎಂದು ಒಂದು ವಾಕ್ಯ ಹಾಕಿ. ತುಂಬಲು ಕಾರ್ಖಾನೆಗೆ ಖರ್ಚೇ ಇಲ್ಲ. ಇದೊಂದಿದ್ದರೂ ಮಿಕ್ಕ ಎಷ್ಟೋ ತೊಂದರೆಗಳನ್ನು ಜಗತ್ತಿನ ಕರ್ನಲ್ ಮಂದಿ ತಮ್ಮ ಪರವಾಗಿ ಪುಕ್ಕಟೆ ಸರಿಮಾಡುತ್ತಾರೆ. ಇದರ ಜೊತೆಗೆ, ವಾರಂಟಿ ಇರುವಷ್ಟು ಕಾಲ ಫರ್ಮ್‌ವೇರ್ ದೋಷ ತಿದ್ದಿಕೊಡುವ ಹೊಣೆ ಮಾರುವವರದೇ ಎಂದು ಬರೆಯಿರಿ. ತಿದ್ದಿದ್ದನ್ನು ತಲುಪಿಸಲು ದಾರಿ ಇಲ್ಲ ಎಂಬ ನೆಪ ಈಗ ನಡೆಯದು. ಎಲ್‌ವಿಎಫ್‌ಎಸ್ ಎಂಬ ಸಾರ್ವಜನಿಕ ವ್ಯವಸ್ಥೆಯನ್ನು ರಿಚರ್ಡ್ ಹ್ಯೂಸ್ 2015ರಲ್ಲಿ ಶುರುಮಾಡಿದರು. ತಯಾರಕರು ಅಲ್ಲಿ ಹೊಸ ಫರ್ಮ್‌ವೇರ್ ಏರಿಸಿದರೆ, ಹಳ್ಳಿಯ ಲ್ಯಾಬಿನ ಲಿನಕ್ಸ್ ಯಂತ್ರ ಮೊಬೈಲ್ ಆ್ಯಪ್ ಅಪ್‌ಡೇಟ್ ಆದಷ್ಟೇ ಸಲೀಸಾಗಿ ಅದನ್ನು ಇಳಿಸಿ ಹಾಕಿಕೊಳ್ಳುತ್ತದೆ. ಡೆಲ್, ಲೆನೊವೊ, ಎಚ್‌ಪಿಯಂಥ ದೊಡ್ಡವರು ಅದನ್ನು ಬಳಸುತ್ತಿದ್ದಾರೆ. ಅಗ್ಗದ ಕಂತು ಮಾರುವವರಿಗೂ ಬಾಗಿಲು ತೆರೆದೇ ಇದೆ, ತಟ್ಟಲು ಯಾರೂ ಹೇಳಿಲ್ಲ ಅಷ್ಟೆ.

ಇನ್ನೊಂದು, ಮಾಲು ಒಪ್ಪಿಕೊಳ್ಳುವ ಮೊದಲಿನ ಪರೀಕ್ಷೆ. ಈಗ ಪೆಟ್ಟಿಗೆ ಒಡೆದು, ಹಚ್ಚಿ, ಪರದೆ ಬೆಳಗಿತೇ ನೋಡಿ, ಎಣಿಸಿ ಸಹಿ ಹಾಕುತ್ತಾರೆ. ಕ್ಯಾನಾನಿಕಲ್ ಕಂಪನಿಯವರು ಮಾಡಿ ಬಿಟ್ಟಿರುವ ಎಫ್‌ಡಬ್ಲ್ಯುಟಿಎಸ್ ಎಂಬ ಉಚಿತ ಪರೀಕ್ಷಾ ಸಾಧನವಿದೆ. ಫರ್ಮ್‌ವೇರ್ ಕೊಟ್ಟ ಕೋಷ್ಟಕಗಳನ್ನು ಒಂದೊಂದಾಗಿ ತಡಕಿ ಎಲ್ಲಿ ಮಾನದಂಡ ತಪ್ಪಿದೆ ಎಂದು ವರದಿ ಕೊಡುತ್ತದೆ, ಯಂತ್ರವನ್ನು ಮತ್ತೆ ಮತ್ತೆ ಮಲಗಿಸಿ ಎಬ್ಬಿಸಿಯೂ ನೋಡುತ್ತದೆ. ಯುಎಸ್‌ಬಿ ಕಡ್ಡಿಯಿಂದ ಲಿನಕ್ಸ್ ಎಬ್ಬಿಸಿ ಅದನ್ನು ಓಡಿಸಲು ಎಂಜಿನಿಯರೇ ಬೇಕಿಲ್ಲ. ಪ್ರತಿ ಯಂತ್ರಕ್ಕಲ್ಲ, ಮಾದರಿಗೊಂದಕ್ಕೆ ಓಡಿಸಿದರೆ ಸಾಕು. ಮುಚ್ಚಳ ಮುಚ್ಚಿ ತೆರೆಯುವುದನ್ನು ಕೈಯಿಂದಲೂ ಒಮ್ಮೆ ಮಾಡಿ ನೋಡಲಿ. ತುಮಕೂರಿನ ಆ ಮಾದರಿ ಅಷ್ಟರಲ್ಲೇ ಸಿಕ್ಕಿಬೀಳುತ್ತಿತ್ತು.

ನಮ್ಮ ಶಾಲೆಗಳಿಗೆ ವಿಂಡೋಸೇ ಸಾಕಲ್ಲ, ಲಿನಕ್ಸ್ ಯಾಕೆ ಎಂದು ತಮ್ಮಲ್ಲಿ ಕೆಲವರು ಕೇಳಿಯಾರು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ನಡೆಸುತ್ತಿವೆ ಎಂಬುದು ಒಂದು ಉತ್ತರ. ಇನ್ನೂ ಹತ್ತಿರದ ಉತ್ತರ, ಪಿಕೆಫೇಲ್‌ನಂಥ ದೋಷ ಯಾವ ಆಪರೇಟಿಂಗ್ ಸಿಸ್ಟಮ್ಮನ್ನೂ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಹಾಕಿಕೊಟ್ಟ ವಿಂಡೋಸಿನ ಒಳಗೂ ಆ ಮಾದರಿಗೇ ಬರೆದ ಡ್ರೈವರುಗಳಲ್ಲಿ ತೇಪೆಗಳು ಅಡಗಿರುತ್ತವೆ. ಮೇಷ್ಟ್ರು ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ದಿನ ಅವೂ ಹೋಗುತ್ತವೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ವೈಟ್‌ಫೀಲ್ಡಿನಲ್ಲಿ ಕೂತು ಫರ್ಮ್‌ವೇರ್ ಬರೆಯುವ ನನ್ನ ಓರಗೆಯವರಿಗೂ ಈ ಪತ್ರದಲ್ಲಿ ಒಂದು ಮಾತು. ಕರ್ನಲ್ಲಿನಲ್ಲಿ “ಫರ್ಮ್‌ವೇರ್ ಬಗ್” ಎಂಬ ಗುರುತನ್ನು 2008ರಲ್ಲಿ ಸೇರಿಸಿದಾಗ ಅದರ ಪಕ್ಕದಲ್ಲೇ ಒಂದು ಟಿಪ್ಪಣಿ ಬರೆದಿಟ್ಟಿದ್ದಾರೆ. ಕರ್ನಲ್ ಕೋಡ್ ತೆರೆದು ನೋಡದೆಯೇ, ಆ ಸಂದೇಶವೊಂದನ್ನು ಓದಿ ಬಯೋಸ್ ಬರೆದವರಿಗೆ ತಪ್ಪು ಎಲ್ಲಿದೆಯೆಂದು ತಿಳಿಯುವಂತಿರಬೇಕು ಎಂದು ಅದು ಹೇಳುತ್ತದೆ. ಅಂದರೆ ಆ ಸಾಲು ನಿಮಗೆ ಬರೆದದ್ದು. ಎಷ್ಟೋ ವರ್ಷದಿಂದ ದಿನಾ ಬೆಳಗ್ಗೆ ಲ್ಯಾಬುಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಅದು ಪರದೆಯ ಮೇಲೆ ಮೂಡಿ ಮಾಯವಾಗುತ್ತಿದೆ. ನಿಮಗೆ ಸಿಗುವ ಗಡುವು ಎಷ್ಟು ಬಿಗಿ, ವಿಂಡೋಸಿನ ಪರೀಕ್ಷೆ ಪಾಸಾದರೆ ಸಾಕು ಎಂದು ಮೇಲಿನವರು ಹೇಗೆ ಒತ್ತುತ್ತಾರೆ ಎಂದು ನನಗೆ ಗೊತ್ತು, ನಿಮ್ಮಲ್ಲಿ ಹಲವರ ಜೊತೆ ಊಟ ಮಾಡಿದ್ದೇನೆ. ನೀವು ಬಿಡುಗಡೆ ಮಾಡುವ ಮುಂಚೆ ಒಂದೇ ಒಂದು ಸಲ ಲಿನಕ್ಸ್ ಎಬ್ಬಿಸಿ ಆ ಗುರುತು ಹುಡುಕಿ. ಸಿಕ್ಕರೆ ಮ್ಯಾನೇಜರಿಗೆ ತೋರಿಸಿ. ಗಿರಾಕಿ ಕೇಳುತ್ತಿಲ್ಲವಲ್ಲ ಎಂದು ಅವರು ಹೇಳಿದರೆ, ಈ ಪತ್ರದ ಮೊದಲರ್ಧ ಗಿರಾಕಿಗೇ ಬರೆದದ್ದು.

ಅಧಿಕಾರಿಗಳೇ, ತುಮಕೂರಿನ ಆ 18 ಯಂತ್ರಗಳ ಡಿಎಂಐ ಕೋಷ್ಟಕ, ಬೂಟ್ ಲಾಗ್ ಮತ್ತು ಎಫ್‌ಡಬ್ಲ್ಯುಟಿಎಸ್ ವರದಿ ನನ್ನ ಬಳಿ ಇದೆ. ಅದರಲ್ಲಿ ಮಕ್ಕಳದಾಗಲೀ ಶಾಲೆಯದಾಗಲೀ ಯಾವ ಮಾಹಿತಿಯೂ ಇಲ್ಲ, ತಾವು ಕೇಳಿದ ದಿನ ಮುದ್ರಿಸಿ ತರುತ್ತೇನೆ. ಮುಂದಿನ ಟೆಂಡರಿನ ತಾಂತ್ರಿಕ ಸಭೆಗೆ ಕರೆದರೆ ಯುಎಸ್‌ಬಿ ಕಡ್ಡಿ ಹಿಡಿದು ಬರುತ್ತೇನೆ, ಯಾವ ಭತ್ಯೆಯೂ ಬೇಡ. ಸ್ಯಾಂಪಲ್ ಲ್ಯಾಪ್‌ಟಾಪ್ ಒಂದು ಮೇಜಿನ ಮೇಲಿದ್ದರೆ ಸಾಕು. ಅದರ ಹೆಸರು ಅದಕ್ಕೆ ಗೊತ್ತಿದೆಯೇ ಎಂದು ತಮ್ಮೆದುರೇ ಕೇಳೋಣ, ಆಮೇಲೆ ಮುಚ್ಚಿ ತೆರೆಯೋಣ. ಗೋಡೆಯ ಮೇಲಿನ ಆ ಚೀಟಿಯನ್ನು ಮೇಷ್ಟ್ರು ಇನ್ನೂ ಕಿತ್ತಿಲ್ಲ. ಮುಂದಿನ ಕಂತಿನ ಯಂತ್ರಗಳು ಹೇಗಿರುತ್ತವೋ ನೋಡಿ ಕೀಳುತ್ತೇನೆ ಎಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕರ್ನಲ್ ಪ್ರೋಗ್ರಾಮರ್
ಬೆಂಗಳೂರು